ಗುಲಶನ ಪರೀಕ್ಷಿಸಿದ ಪಟ್ಟಿ

ತಂಗಿಯ ಮೊಬೈಲಿನ ಹಿಂದಿನ ಕವರ್ ಬಿಚ್ಚಿದಾಗ ಗುಲಶನಳ ಕೈಗೆ ಸಿಕ್ಕಿದ್ದು ಅಂಗೈಯಗಲದ ಒಂದು ಅಂಟುಪಟ್ಟಿ. ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ‘ರೇಡಿಯೇಷನ್‌ನಿಂದ ಪೂರ್ಣ ರಕ್ಷಣೆ’ ಎಂಬ ದಪ್ಪಕ್ಷರ. ಉಗುರಿನಿಂದ ಕೆರೆದು ನೋಡಿದಳು. ಕಾಗದದ ಕೆಳಗೆ ತಾಮ್ರದ ತೆಳು ಹಾಳೆ. ಬೇರೇನೂ ಇಲ್ಲ.

ಹದಿನೆಂಟು ವರ್ಷದಿಂದ ಮೊಬೈಲ್ ಬಿಚ್ಚಿ ರಿಪೇರಿ ಮಾಡುವ ಕೈ ಅವಳದು. ಆ ಹಾಳೆ ಕೂತಿದ್ದ ಜಾಗದ ಕೆಳಗೇ ಆಂಟೆನಾ ಇತ್ತು. ಗುಲಶನಳ ಕಿವಿ ಬಿಸಿಯಾಯಿತು.

ಅವರು ಕೂತಿದ್ದು ವಿಜಯಪುರದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ತಂಗಿ ತಬಸ್ಸುಮಳಿಗೆ ಎಂಟನೇ ತಿಂಗಳಿಗೇ ಹೆರಿಗೆಯಾಗಿ ಎರಡು ದಿನವಾಗಿತ್ತು. ಮಗು ಒಳಗೆ ಗಾಜಿನ ಪೆಟ್ಟಿಗೆಯಲ್ಲಿತ್ತು.

“ಮೊನ್ನೆ ಏನೇನಾತು, ಮೊದಲಿಂದ ಹೇಳು” ಎಂದಳು ಗುಲಶನ.

ತಬಸ್ಸುಮ ಗೋಡೆಗೆ ಒರಗಿ ಹೇಳಿದಳು. ಹೊನವಾಡದಲ್ಲಿ ಅವರ ಮನೆ ಊರಿನಿಂದ ಹೊರಗೆ, ದ್ರಾಕ್ಷಿ ತೋಟದ ನಡುವೆ. ಗಂಡ ಸಿಕಂದರ ಬಳ್ಳಿಗೆ ಹೊಡೆಯುವ ಔಷಧ ತರಲು ತಿಕೋಟಾಕ್ಕೆ ಹೋಗಿದ್ದ. ಬೆಳಗಿನ ಹನ್ನೊಂದರ ಹೊತ್ತಿಗೆ ರಕ್ತ ಹೋಗಲು ಶುರುವಾಯಿತು.

“ಅವರಿಗೆ ಮೂರು ಸಲ ಫೋನ್ ಹಚ್ಚಿದೆ ಆಪಾ. ನಿನಗೂ ಹಚ್ಚಿದೆ. ಒಂದೂ ಹೋಗಲಿಲ್ಲ. ಮೊದಲು ಅಂಗಳದಾಗ ಎರಡು ಗೆರಿ ಸಿಗ್ನಲ್ ಇರತಿತ್ತು. ಈಗ ಹದಿನೈದು ದಿನದಿಂದ ಅದೂ ಇಲ್ಲ. ದ್ರಾಕ್ಷಿ ಗೊನಿ ತಿದ್ದಾಕ ಕೂಲಿಗೆ ಬಂದಿದ್ದ ನೀಲಾಬಾಯಿ ನನ್ನ ಚೀರಾಟ ಕೇಳಿ ಓಡಿ ಬಂದಳು. ಆಕಿ ಸೊಂಟದಾಗ ಬಟನ್ ಫೋನ್ ಇತ್ತು. ನಾ ನಿಂತ ಜಾಗದಾಗ ನಿಂತು ನೂರಾ ಎಂಟಕ್ಕ ಹಚ್ಚಿದಳು, ಹತ್ತಿತು. ಅಂಬುಲೆನ್ಸ್ ಬಂತು.”

“ಇದನ್ನ ಯಾರು ಅಂಟಿಸ್ಯಾರ?” ಗುಲಶನ ಪಟ್ಟಿ ಎತ್ತಿ ತೋರಿಸಿದಳು.

ತಬಸ್ಸುಮ ಅವಳ ಮುಖವನ್ನೇ ನೋಡಿದಳು. “ನೀನ ಕಳಿಸಿದ್ದಲ್ಲಾ? ನಿನ್ನ ತಮ್ಮ ಶಾಹಿದ ತಂದು ಅಂಟಿಸಿದ. ಹೊಟ್ಟಿಯಾಗಿನ ಕೂಸಿಗೆ ಫೋನಿನ ಕಿರಣ ಬಡೀತಾವ, ಆಪಾ ಮಷೀನಿಗೆ ಹಚ್ಚಿ ಚೆಕ್ ಮಾಡ್ಯಾಳ ಅಂದ. ನಿನ್ನ ಹೆಸರು ಹೇಳಿದ ಮ್ಯಾಲೆ ನಾ ಇನ್ನೇನು ಕೇಳಲಿ?”

ಗುಲಶನ ಪಟ್ಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡು ಎದ್ದಳು. ಆಟೋ ಹತ್ತಿದ್ದು, ಅಥಣಿ ರಸ್ತೆಯ ಅಂಗಡಿಯ ಮುಂದೆ ಇಳಿದದ್ದು ಅವಳಿಗೆ ಆಮೇಲೆ ನೆನಪಾಗಲಿಲ್ಲ. ಅಂಗೈಗೆ ತಾಮ್ರದ ಅಂಚು ಚುಚ್ಚುತ್ತಿದ್ದದ್ದು ಮಾತ್ರ ನೆನಪಿತ್ತು.

‘ಬಾಬುಸಾಬ ಮೊಬೈಲ್ ರಿಪೇರಿ’ ಎಂಬ ಬೋರ್ಡಿನಲ್ಲಿದ್ದ ಹೆಸರು ಅವಳ ಅಬ್ಬಾನದು. ರೇಡಿಯೋ ಕಾಲದಿಂದ ಅಂಗಡಿ ನಡೆಸಿದವರು, ಬೆಸುಗೆ ಹಾಕುವುದನ್ನು ಮಗಳಿಗೂ ಕಲಿಸಿ ತೀರಿಕೊಂಡರು. ಒಳಗಿನ ಟೇಬಲ್ಲಿನ ರಿಪೇರಿ ಗುಲಶನಳದು. ತಮ್ಮ ಶಾಹಿದನಿಗೆ ಬೆಸುಗೆಯ ತಾಳ್ಮೆ ಇರಲಿಲ್ಲ, ಮಾತು ಚೆನ್ನಾಗಿತ್ತು. ಕೌಂಟರ್ ಅವನದು.

ಅವಳು ಹೋದಾಗ ಅವನು ಒಬ್ಬ ಹೆಂಗಸಿನ ಮೊಬೈಲಿಗೆ ಅಂಥದೇ ಪಟ್ಟಿ ಅಂಟಿಸುತ್ತಿದ್ದ. ಗುಲಶನ ಮೊಬೈಲ್ ಕಸಿದು, ಪಟ್ಟಿ ಕಿತ್ತು, ಹೆಂಗಸಿನ ಕೈಗೆ ಕೊಟ್ಟಳು. “ಇದು ಬ್ಯಾಡ್ರಿ ಬಾಯಾರ. ಹೋಗಿ ಬರ್ರಿ.”

“ಆಪಾ, ಗಿರಾಕಿ ಮುಂದ ಏನಿದು?”

“ಮಷೀನಿಗೆ ಹಚ್ಚಿ ಚೆಕ್ ಮಾಡೀನಂತಲ್ಲೋ. ಯಾವ ಮಷೀನು? ತೋರಸು!”

ಶಾಹಿದ ನಗಲು ನೋಡಿದ. “ಮಂದಿಗೆ ಹೆದರಿಕಿ ಐತಿ ಆಪಾ. ದಿನಾ ಬಂದು ಕೇಳ್ತಾರ, ಕ್ಯಾನ್ಸರ್ ಬರತೈತಿ ಏನ್ರಿ, ಕೂಸಿಗೆ ಏನರ ಆಗತೈತಿ ಏನ್ರಿ ಅಂತ. ನಾ ಅವರಿಗೆ ಸಮಾಧಾನ ಕೊಟ್ಟೇನಿ. ಒಂದು ಕಾಗದದಿಂದ ಯಾರಿಗೆ ಏನಾಗತೈತಿ?”

“ಏನಾಗತೈತಿ?” ಗುಲಶನಳ ದನಿ ರಸ್ತೆಯ ಆಚೆಗೂ ಕೇಳಿಸಿತು. “ಆಂಟೆನಾದ ಮ್ಯಾಲೆ ತಾಮ್ರ ಮುಚ್ಚಿದರ ಫೋನಿಗೆ ಟವರ್ ಸಿಗೂದಿಲ್ಲ. ಸಿಗದಿದ್ದಾಗ ಅದು ಇದ್ದಷ್ಟೂ ಜೋರು ಹಚ್ಚಿ ಕೂಗತೈತಿ. ಕಿರಣ ಕಡಿಮಿ ಅಲ್ಲೋ, ಹೆಚ್ಚಾಗತಾವ! ತಬಸ್ಸುಮ ರಕ್ತದಾಗ ನಿಂತು ನನಗ, ಗಂಡಗ ಫೋನ್ ಹಚ್ಯಾಳ. ಒಂದೂ ಹೋಗಿಲ್ಲ. ಕೂಸು ಪೆಟ್ಟಿಗ್ಯಾಗ ಐತಿ.”

ಶಾಹಿದನ ಮುಖ ಬಿಳಿಚಿಕೊಂಡಿತು. “ನೆಟ್‌ವರ್ಕ್ ಹೋಗಿತ್ತಂತ ಸಿಕಂದರ ಭಾಯಿ ಹೇಳಿದ…”

“ಅದು ಹೋಗಿದ್ದಲ್ಲ, ನೀ ತಗದದ್ದು.”

ಕೌಂಟರ್ ಮೇಲೆ ಬಿದ್ದಿದ್ದ ಅವನ ಮೊಬೈಲನ್ನು ಎತ್ತಿಕೊಂಡಳು. ವಾಟ್ಸಾಪ್‌ನಲ್ಲಿ ಗುಂಪುಗುಂಪಿಗೆ ಕಳಿಸಿದ ಒಂದು ವಿಡಿಯೋ ಇತ್ತು. ಅದರಲ್ಲಿ ಅವಳೇ ಇದ್ದಳು! ಕಣ್ಣಿಗೆ ಮಸೂರ ಸಿಕ್ಕಿಸಿ, ತಲೆ ಬಗ್ಗಿಸಿ ಯಾರದೋ ಫೋನಿಗೆ ಬೆಸುಗೆ ಹಾಕುತ್ತಿದ್ದಳು. ಮೇಲೆ ಶಾಹಿದನ ದನಿ: ‘ನಮ್ಮ ಅಕ್ಕಾರು ಸ್ವತಃ ಪರೀಕ್ಷೆ ಮಾಡಿದ್ದು.’ ಬೆನ್ನ ಹಿಂದೆ ನಿಂತು ಯಾವಾಗ ತೆಗೆದನೋ. ಅಬ್ಬಾ ತೀರಿಕೊಂಡಾಗಲೂ ಈ ಟೇಬಲ್ಲಿನ ಮುಂದೆ ಕೂತು ಮಂದಿಯ ಮುಖ ನೋಡಿ ಮಾತಾಡಿದ ಗುಲಶನ, ಈಗ ತನ್ನ ಕೈಯನ್ನೇ ಯಾರೋ ಕದ್ದೊಯ್ದಂತೆ ನಿಂತಳು.

“ಎಲ್ಲೆಲ್ಲಿ ಮಾರೀದಿ?”

“ತಿಕೋಟಾ ಸಂತ್ಯಾಗ… ಬಬಲೇಶ್ವರ… ಕಾಖಂಡಕಿ.”

“ಸ್ಕೂಟರ್ ತಗಿ. ರೊಕ್ಕ ತಗೊ. ಮಾರಿದ್ದೆಲ್ಲಾ ನಿನ್ನ ಕೈಯಾಗ ಕೀಳಬೇಕು. ನಾ ಹಿಂದ ಕೂಡ್ತೀನಿ.”

ತಿಕೋಟಾದಲ್ಲಿ ಮೂರು ಅಂಗಡಿಯವರು ಬೈದು, ರೊಕ್ಕ ವಾಪಸ್ ಪಡೆದು, ಪಟ್ಟಿ ಎಸೆದರು. ಬಬಲೇಶ್ವರದಲ್ಲಿ ಅಷ್ಟು ಸುಲಭವಾಗಲಿಲ್ಲ. ಅಲ್ಲಿಯ ಅಂಗನವಾಡಿ ಕಾರ್ಯಕರ್ತೆ ಶಾಂಭವಿ ತನ್ನ ಓಣಿಯ ಬಸುರಿಯರಿಗೆಲ್ಲ ಆ ಪಟ್ಟಿ ಕೊಡಿಸಿದ್ದಳು. ವಿಷಯ ಕೇಳಿದ್ದೇ ಗುಲಶನಳ ಮೇಲೆ ತಿರುಗಿಬಿದ್ದಳು.

“ವಿಡಿಯೋದಾಗ ನಿಮ್ಮನ್ನ ನೋಡೇ ನಂಬೇವ್ರಿ ನಾವು. ಒಂದಿಬ್ಬರು ಹೆಣ್ಣುಮಕ್ಕಳಿಗೆ ದೊಡ್ಡ ಫೋನ್ ಬ್ಯಾಡಂತ ಹೇಳಿ ಬಟನ್ ಫೋನ್ ತಗೋಸೇನಿ. ಈಗ ಬಂದು ಸುಳ್ಳಂದರ ಹೆಂಗ್ರಿ?”

“ಬೈರಿ. ಬೈಯೂದು ನಿಮ್ಮ ಹಕ್ಕು” ಎಂದಳು ಗುಲಶನ. “ಬಟನ್ ಫೋನೂ ಟವರಿಗೆ ಅಲೆ ಕಳಸತೈತ್ರಿ. ಅದರಾಗ ಕಿರಣ ಇಲ್ಲ ಅನ್ನೂದು ಸುಳ್ಳು. ಆದರ ಅದು ಚಲೋ ಫೋನ್. ವಾರಗಟ್ಟಲೆ ಚಾರ್ಜ್ ಇರತೈತಿ, ಬಿದ್ದರೂ ಒಡಿಯೂದಿಲ್ಲ. ಮಾತಿಗಷ್ಟ ಬೇಕಂದರ ಅದ ಇಟ್ಕೋರಿ, ಹೆದರಿ ಅಲ್ಲ.”

“ಮತ್ತ ಕ್ಯಾನ್ಸರು?”

“ಇಷ್ಟು ವರ್ಷ ಹುಡಕ್ಯಾರ, ಫೋನಿಂದ ಬಂತು ಅಂತ ಪಕ್ಕಾ ಪುರಾವೆ ಸಿಕ್ಕಿಲ್ರಿ. ನಿಮ್ಮ ಫೋನ್ ಕೊಡ್ರಿ.” ಗುಲಶನ ಸ್ಟಾರ್, ಹ್ಯಾಷ್, ಸೊನ್ನೆ, ಏಳು, ಹ್ಯಾಷ್ ಒತ್ತಿದಳು. ಪರದೆಯ ಮೇಲೆ ಒಂದು ಅಂಕಿ ಬಂತು. “ಇದು ನಿಮ್ಮ ಫೋನಿನ ಕಿರಣದ ಅಳತಿ. ನಮ್ಮ ದೇಶದಾಗ ಇದು ಒಂದು ಪಾಯಿಂಟ್ ಆರು ದಾಟಬಾರದು. ನಿಮ್ಮದು ಒಳಗೇ ಐತಿ. ಅಷ್ಟಾಗಿಯೂ ಮನಸ್ಸು ತಡೀಲಿಲ್ಲಂದರ ಸ್ಪೀಕರ್ ಹಚ್ರಿ, ಇಲ್ಲಾ ಇಯರ್‌ಫೋನ್ ಹಚ್ರಿ. ಸಿಗ್ನಲ್ ಒಂದ ಗೆರಿ ಇದ್ದಾಗ ತಾಸುಗಟ್ಟಲೆ ಮಾತಾಡಬ್ಯಾಡ್ರಿ. ಮಲಗುವಾಗ ದಿಂಬಿನ ಬಾಜೂಕ ಇಟ್ಕೋಬ್ಯಾಡ್ರಿ. ಇವಕ್ಕೆಲ್ಲಾ ಒಂದು ಪೈಸೆ ಬೇಕಾಗಿಲ್ಲ.”

ಶಾಂಭವಿ ಫೋನ್ ವಾಪಸ್ ತೆಗೆದುಕೊಂಡು ಶಾಹಿದನ ಕಡೆ ತಿರುಗಿ, “ಬಾ ತಮ್ಮಾ, ಮನಿಮನಿಗೆ ಹೋಗೂಣು. ನೀನ ಹೇಳು” ಎಂದಳು. ಒಂಬತ್ತು ಮನೆಯ ಬಾಗಿಲಲ್ಲಿ ಶಾಹಿದ ತಾನು ಸುಳ್ಳು ಹೇಳಿದ್ದೆಂದು ಒಪ್ಪಿಕೊಂಡ. ಕೊನೆಯ ಮನೆಯ ಹೊತ್ತಿಗೆ ಅವನ ದನಿ ಕೇಳಿಸುತ್ತಲೇ ಇರಲಿಲ್ಲ. ಗುಲಶನಳಿಗೆ ಮರುಕ ಹುಟ್ಟಲಿಲ್ಲ. ಪ್ರತಿ ಮನೆಯ ಬಸುರಿಯ ಮುಖದಲ್ಲೂ ಅವಳಿಗೆ ತಂಗಿಯೇ ಕಂಡಳು.

ಕಾಖಂಡಕಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಈರಯ್ಯ ಪಟ್ಟಿ ಕೊಡಲು ಒಪ್ಪಲೇ ಇಲ್ಲ.

“ಇದು ಹಚ್ಚಿದಾಗಿಂದ ನನ್ನ ತಲಿನೋವು ಹೋಗೈತವ್ವಾ. ನಿನ್ನ ರೊಕ್ಕ ನನಗ ಬ್ಯಾಡ.”

“ಯಜ್ಜಾ, ಇದು ಬರೇ ತಾಮ್ರದ ಹಾಳಿ. ನಿಮ್ಮ ಫೋನ್ ಹತ್ತೂದಿಲ್ಲ ಇದರಿಂದ.”

“ಹತ್ತದಿದ್ದರ ಚಲೋನ ಆತು. ಸಾಲಾ ತಗೊಳ್ರಿ, ವಿಮಾ ಮಾಡಸ್ರಿ ಅಂತ ದಿನಾ ಹತ್ತು ಮಂದಿ ಹಚ್ಚತಿದ್ದರು. ಈಗ ಆರಾಮದೇನಿ.”

ಗುಲಶನ ಇನ್ನೂ ಎರಡು ಸಲ ಹೇಳಿ ನೋಡಿದಳು. ಮುದುಕ ಫೋನನ್ನು ಅಂಗಿಯ ಒಳಕಿಸೆಗೆ ಹಾಕಿಕೊಂಡು ಗಿರಣಿ ಚಾಲೂ ಮಾಡಿದ. ಆ ಸದ್ದಿನಲ್ಲಿ ಇನ್ನೇನು ಹೇಳಿದರೂ ಕೇಳುವಂತಿರಲಿಲ್ಲ. ಅವಳಿಗೆ ಅತ್ತುಬಿಡಬೇಕೆನ್ನುವಷ್ಟು ಸಿಟ್ಟು ಬಂತು. ಒಂದು ಸುಳ್ಳನ್ನು ಹರಡಲು ತಮ್ಮನಿಗೆ ಅರ್ಧ ನಿಮಿಷದ ವಿಡಿಯೋ ಸಾಕಾಗಿತ್ತು, ತೆಗೆಯಲು ಅವಳಿಗೆ ಇಡೀ ದಿನ ಸಾಲದಾಗಿತ್ತು.

ಮರುದಿನ ಅವಳು ಅದೇ ಗುಂಪುಗಳಿಗೆಲ್ಲ ತನ್ನದೊಂದು ವಿಡಿಯೋ ಕಳಿಸಿದಳು. ಪಟ್ಟಿಯನ್ನು ಕತ್ತರಿಸಿ ಒಳಗಿನ ತಾಮ್ರ ತೋರಿಸಿದಳು. ತನ್ನ ಹೆಸರು ಹೇಳಿ, ನಾನು ಇದನ್ನು ಪರೀಕ್ಷಿಸಿರಲಿಲ್ಲ, ಈಗ ಪರೀಕ್ಷಿಸಿದ್ದೇನೆ ಎಂದಳು. ಮಾತಾಡುವಾಗ ತುಟಿ ನಡುಗುತ್ತಿತ್ತು. ನಡುಗಿದ್ದನ್ನು ತೆಗೆದುಹಾಕದೆ ಹಾಗೆಯೇ ಕಳಿಸಿದಳು. ಶಾಹಿದನಿಗೆ ಅಂಗಡಿಯ ಹೊಸ್ತಿಲು ಮೆಟ್ಟಬೇಡ ಎಂದಳು. ಅವನು ಬಸ್ ಸ್ಟ್ಯಾಂಡಿನ ಹತ್ತಿರ ಬೇರೆಯವರ ಅಂಗಡಿಯಲ್ಲಿ ಕೆಲಸ ಹಿಡಿದ.

ಇಪ್ಪತ್ತೊಂದನೆಯ ದಿನ ಮಗುವನ್ನು ಮನೆಗೆ ಕಳಿಸಿದರು. ಹೆಣ್ಣುಮಗು, ಇನ್ನೂ ಬೆಕ್ಕಿನ ಮರಿಯಷ್ಟೇ ಹಗುರ. ಆಸ್ಪತ್ರೆಯ ಗೇಟಿನ ಹೊರಗೆ ಶಾಹಿದ ಒಂದು ಚಿಕ್ಕ ಟೋಪಿ ಹಿಡಿದು ನಿಂತಿದ್ದ. ತಬಸ್ಸುಮ ಟೋಪಿ ತೆಗೆದುಕೊಂಡಳು, ಮಗುವನ್ನು ಅವನ ಕೈಗೆ ಕೊಡಲಿಲ್ಲ. ಜೀಪು ಹತ್ತಿದಳು.

ಅವರ ಅಮ್ಮಿ ಸಬೀರಾ ಗುಲಶನಳ ತೋಳು ಹಿಡಿದಳು. “ಆತಲ್ಲ ಬೇ, ಕೂಸು ಉಳೀತು. ತಮ್ಮನ್ನ ಅಂಗಡಿಗೆ ಕರಿ. ಎಷ್ಟು ದಿನ ಅಂತ ಸಿಟ್ಟು?”

ಗುಲಶನ ಗೇಟಿನ ಕಡೆ ನೋಡಿದಳು. ಶಾಹಿದ ಅಲ್ಲೇ ನಿಂತಿದ್ದ.

“ಕೂಸು ಉಳಿದದ್ದು ನೀಲಾಬಾಯಿಯಿಂದ ಅಮ್ಮಿ, ಅವನಿಂದಲ್ಲ” ಎಂದಳು. “ಸಿಟ್ಟು ಇಳಿದ ದಿನ ನಾನ ಹೋಗಿ ಕರೀತೀನಿ. ಇನ್ನೂ ಇಳಿದಿಲ್ಲ.”