ಬಿಚ್ಚಲು ಒಂದು ಮಾತು

೧

ಎಲ್ಲಿಂದ ಹಿಡಿಯಲಿ? ಹಗ್ಗಕ್ಕೆ ಎರಡು ತುದಿ. ಕಥೆಗೆ ಎಷ್ಟು ಎಂಬುದು ಈ ಎಪ್ಪತ್ತೊಂದನೆಯ ವಯಸ್ಸಿನಲ್ಲೂ ನನಗೆ ತಿಳಿದಿಲ್ಲ. ಮೊದಲ ಡ್ರಾಫ್ಟು ಸಿಂದಗಿಯ ಸಂತೆಯಲ್ಲಿ ಹಗ್ಗ ಕೊಳ್ಳುವುದರಿಂದ ಶುರುವಾಗಿತ್ತು. ಎರಡು ಪುಟ ಕಳೆದರೂ ಹಗ್ಗ ಅಂಗಡಿ ಬಿಟ್ಟು ಕದಲಲಿಲ್ಲ. ಹರಿದೆ. ಎರಡನೆಯದು ದಾಂಪತ್ಯದ ಬಗ್ಗೆ ಉಪದೇಶದಿಂದ ಶುರುವಾಯಿತು. ಅದನ್ನು ಓದುತ್ತ ನಾನೇ ತೂಕಡಿಸಿದೆ.

ನೇರವಾಗಿ ಹೇಳಿಬಿಡುತ್ತೇನೆ. ಇಂಡಿಯಲ್ಲಿ ಫಿರದೋಸ ಎಂಬ ಫಿಜಿಯೋಥೆರಪಿ ವೈದ್ಯೆ ಇದ್ದಾಳೆ. ಭಾನುವಾರ ಮಧ್ಯಾಹ್ನ ತನ್ನ ದವಾಖಾನೆಯ ಮೇಲಿನ ಕೋಣೆಯಲ್ಲಿ ಅವಳು ಒಂದು ಕ್ಲಾಸು ನಡೆಸುತ್ತಾಳೆ. ಗಂಡ ಹೆಂಡತಿ ಜೋಡಿಯಾಗಿ ಬರಬೇಕು. ಒಬ್ಬರನ್ನೊಬ್ಬರು ಹಗ್ಗದಿಂದ ಕಟ್ಟುವುದನ್ನು ಕಲಿಯಬೇಕು. ಸಂತೋಷಕ್ಕಾಗಿ. ಉಟ್ಟ ಬಟ್ಟೆಯಲ್ಲೇ.

(ಪುಸ್ತಕ ಮುಚ್ಚಬೇಡಿರಿ. ನಾನೂ ಸಂಧ್ಯಾವಂದನೆ ಮುಗಿಸಿಯೇ ಬರೆಯಲು ಕುಳಿತಿದ್ದೇನೆ. ಒರಳಿಗೆ ಕಟ್ಟಿಸಿಕೊಂಡ ದೇವರನ್ನು ಪೂಜಿಸುವ ನಾವು ಹಗ್ಗ ಕಂಡು ಹೌಹಾರುವುದು ಶೋಭಿಸದು.)

೨

ಕ್ಲಾಸಿಗೆ ಫೋನು ಮಾಡಿ ಹೆಸರು ಬರೆಸಿದವರು ಹೊರ್ತಿಯ ಇಂದುಬಾಯಿ. ವಯಸ್ಸು ಐವತ್ತನಾಲ್ಕು. ಅವರ ಯಜಮಾನರಾದ ರಾಯರು ಹೊಲ, ಎರಡು ಎತ್ತು, ಒಂದು ಮೊಬೈಲು ಉಳ್ಳವರು. ಝಳಕಿಯಲ್ಲಿ ಬಸ್ಸು ಬದಲಿಸುವಾಗ ರಾಯರು ದನಿ ತಗ್ಗಿಸಿ ಕೇಳಿದರು:

"ಈ ವಯಸ್ಸಿನಾಗ ಇದೇನ ಹುಚ್ಚು ನಿಂದು?"

"ಕೈಯಾಗ ಹಗ್ಗ ಇದ್ರ ನಿಮಗ ಮೊಬೈಲ್ ಹಿಡೀಲಿಕ್ಕೆ ಬರೂದಿಲ್ಲ. ಅರ್ಧಾ ತಾಸು ನನ್ನ ಕಡೆ ನೋಡ್ತೀರಿ. ಇಷ್ಟ ನನ್ನ ಹುಚ್ಚು."

ರಾಯರು ಮೊಬೈಲನ್ನು ಕಿಸೆಗೆ ಇಳಿಸಿದರು. ಇಂಡಿ ಬರುವತನಕ ಹೊರಗೆ ತೆಗೆಯಲಿಲ್ಲ. (ಎರಡು ಸಲ ತೆಗೆದರು. ಆದರೂ ನನಗೆ ಅವರ ಮೇಲೆ ಪ್ರೀತಿ.)

೩

ನಾಲ್ಕು ಜೋಡಿ ಚಾಪೆಯ ಮೇಲೆ ಕುಳಿತಿದ್ದವು. ಫಿರದೋಸ ಮೊದಲು ಕೈಗೆತ್ತಿಕೊಂಡದ್ದು ಕತ್ತರಿ.

"ಕತ್ರಿ ಕೈಗೆ ಸಿಗೂವಲ್ಲಿ ಇಡ್ರಿ. ಹಗ್ಗ ಆಮ್ಯಾಲ. ಕಟ್ಟಿದ ಮ್ಯಾಲ ಒಳಗ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಟ್ಟಿಸಿಕೊಂಡವ್ರು ಬಿಚ್ಚು ಅಂದ್ರ ಬಿಚ್ಚಬೇಕು. ಯಾಕ ಅಂತ ಕೇಳಾಂಗಿಲ್ಲ. ಆದ್ರ ಆಟದಾಗ ನಕ್ಕೋತ ಬ್ಯಾಡ ಬ್ಯಾಡ ಅಂತೀವಿ. ಅದಕ್ಕ ಪ್ರತಿ ಜೋಡಿಗೂ ಒಂದು ಬ್ಯಾರೆ ಮಾತು ಇರಬೇಕು. ದಿನಾ ಬಾಯಾಗ ಬರದಂಥ ಮಾತು."

"ನಿಂಬಿಹಣ್ಣು!" ಎಂದ ಝಳಕಿಯ ಹೋಟೆಲಿನವನು.

"ಊರ ತುಂಬ ನಿಂಬಿ ತ್ವಾಟ ಇರೂ ಇಂಡ್ಯಾಗ ಕುಂತು ನಿಂಬಿಹಣ್ಣು ದಿನಾ ಬಾಯಾಗ ಬರೂದಿಲ್ಲಂತೀರೇನ್ರಿ ಅಣ್ಣಾರ?"

ಅವನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವರು ಜಿರಾಫ ಎಂದು ಗೊತ್ತುಮಾಡಿಕೊಂಡರು.

ಇಂದುಬಾಯಿ ಪ್ರಾಮಾಣಿಕವಾಗಿ ವಿಚಾರ ಮಾಡಿದರು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ತನ್ನ ಬಾಯಲ್ಲಿ ಎಂದೂ ಬರದ ಮಾತು ಒಂದೇ ಒಂದು ಇದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರು. 'ರಾಮಚಂದ್ರ.'

ಅದು ಗಂಡನ ಹೆಸರು. ಅವರ ಮನೆತನದಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಇಂದುಬಾಯಿಯ ನೇಮ ಎಷ್ಟು ಬಿಗಿಯೆಂದರೆ, ಭಜನೆಯಲ್ಲಿ ಆ ಹೆಸರಿನ ದೇವರು ಬಂದಾಗಲೂ ತಾಳ ಮಾತ್ರ ಹಾಕುತ್ತಿದ್ದರು, ತುಟಿ ತೆರೆಯುತ್ತಿರಲಿಲ್ಲ. ಫಿರದೋಸಳ ಪಟ್ಟಿಯಲ್ಲಿ ಈ ಜೋಡಿಗೆ ಇದ್ದದ್ದು ಇಂದುಬಾಯಿಯ ಹೆಸರೊಂದೇ. ಅವಳು ದೇವರ ಹೆಸರೆಂದು ತಿಳಿದಳು.

"ಭಾಳ ಚಲೋ ಆತ್ರಿ ಕಾಕು. ಕಾಕಾ, ಇವ್ರು 'ರಾಮಚಂದ್ರ' ಅಂದಕೂಡ್ಲೆ ನೀವು ಬಿಚ್ಚಬೇಕು."

ರಾಯರ ಕಿವಿ ಕೆಂಪಾದವು. "ಅನ್ನಲಿ, ಡಾಕ್ಟರಬಾಯಿ. ಮೂವತ್ತೆರಡು ವರ್ಷದಿಂದ ಕೇಳ್ಲಿಕ್ಕೇ ಕೂತೀನಿ."

೪

ಅವರು ಹೆಂಡತಿಯ ಬಳೆಗಳನ್ನು ಮೊಣಕೈ ಕಡೆಗೆ ಮೆಲ್ಲಗೆ ಸರಿಸಿದರು. ಮಣಿಕಟ್ಟುಗಳನ್ನು ಜೋಡಿಸಿ ಹಗ್ಗ ಸುತ್ತಿದರು. ತುಟಿ ಕಚ್ಚಿಕೊಂಡು, ಉಸಿರು ಹಿಡಿದು. ಇಂದುಬಾಯಿ ಅಷ್ಟು ಹತ್ತಿರದಿಂದ ಗಂಡನ ಮುಖ ಕಂಡು ಎಷ್ಟು ಕಾಲವಾಯಿತೋ. ಹುಬ್ಬಿನಲ್ಲಿ ಬಿಳಿ ಕೂದಲು ಯಾವಾಗ ಬಂತು?

ಗಂಟು ಮಾತ್ರ ಫಿರದೋಸ ಕಲಿಸಿದ್ದಾಗಲಿಲ್ಲ. ನಲವತ್ತು ವರ್ಷ ಎತ್ತು ಕಟ್ಟಿದ ಕೈ, ಯಜಮಾನನನ್ನು ಕೇಳದೆ ಎತ್ತಿನ ಗಂಟನ್ನೇ ಹಾಕಿತು. ಗಂಟಿನ ಬಾಲ ಹಿಡಿದು ಎಳೆದರೆ ಬಿಚ್ಚುವುದು ನಿಜ. ಆದರೆ ಕಟ್ಟಿಸಿಕೊಂಡದ್ದು ಅಲುಗಾಡಿದಷ್ಟೂ ಬಿಗಿಯುವುದು. ಇಂದುಬಾಯಿ ನಕ್ಕು ಕೈ ತಿರುವಿದರು. ಗಂಟು ಜಾರಿತು, ಎರಡು ಬೆರಳಿನ ಜಾಗ ಹೋಯಿತು. ಕಿರುಬೆರಳಿಗೆ ಜೋಮು ಹಿಡಿಯಿತು, ಆಮೇಲೆ ಹೆಬ್ಬೆರಳಿಗೆ. ಫಿರದೋಸ ಇತ್ತ ಬೆನ್ನು ಮಾಡಿ ಝಳಕಿಯವರಿಗೆ ಗಂಟು ಹಾಕಿ ತೋರಿಸುತ್ತಿದ್ದಳು.

ಇಂದುಬಾಯಿ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಆ ಮಾತು ಹೊರಗೆ ಬರಲಿಲ್ಲ. ರಾಯರು ಹೆಂಡತಿಯ ಕೈ ನೋಡುತ್ತಿರಲಿಲ್ಲ. ಆಸೆಯಿಂದ ಬಾಯಿಯನ್ನೇ ನೋಡುತ್ತಿದ್ದರು.

೫

ಮೊದಲನೆಯ ಅಂತ್ಯ. ಇಂದುಬಾಯಿ 'ರಾಮಚಂದ್ರ' ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಇದನ್ನು ಬರೆದು ಕಣ್ಣೊರೆಸಿಕೊಂಡೆ. (ತನ್ನ ಕಥೆಗೆ ತಾನೇ ಅಳುವವನನ್ನು ನಂಬಬೇಡಿರಿ.) ಅಷ್ಟರಲ್ಲಿ ಇಂದುಬಾಯಿ ಹಾಳೆಯಿಂದೆದ್ದು ನನ್ನ ಎದುರು ಬಂದು ನಿಂತರು.

"ನಾ ಹಂಗ ಅಂದಿಲ್ಲ."

"ಅನ್ನಬೇಕು ತಾಯಿ. ಕೈ ಮರಗಟ್ಟತದ."

"ನಿಮ್ಮ ಮನಿಯವ್ರು ನಿಮ್ಮ ಹೆಸರು ಅಂದಿದ್ರೇನು?"

"ಇಲ್ಲ."

"ಹೋದ ವರ್ಷ ತೀರಿ ಹೋಗೂಮುಂದ ಸೈತ ಅನಲಿಲ್ಲ. ಹೌದಿಲ್ಲೋ? ಅದನ್ನ ಈಗ ನನ್ನ ಬಾಯಿಲೆ ಕೇಳಬೇಕಂತೀರಿ. ಅದಕ್ಕ ನನ್ನ ಕೈಗೆ ಜೋಮು ಹಿಡಿಸೀರಿ!"

ನಾನು ಕನ್ನಡಕ ತೆಗೆದು ಒರೆಸಿದೆ. ಅದರ ಮೇಲೆ ಧೂಳೇನೂ ಇರಲಿಲ್ಲ.

ಎರಡನೆಯ ಅಂತ್ಯ. ಫಿರದೋಸ ಸರಿಯಾದ ಗಳಿಗೆಗೆ ತಿರುಗಿ ನೋಡಿ, ಕತ್ತರಿಯಿಂದ ಹಗ್ಗ ಕತ್ತರಿಸಿದಳು. ಇದಕ್ಕೆ ತಕರಾರು ಅವಳದೇ. "ಹಂಗ ಬರೀಬ್ಯಾಡ್ರಿ ಅಜ್ಜಾರ. ನಾ ಇಲ್ಲದಾಗೂ ಇವ್ರು ಮನ್ಯಾಗ ಕಟ್ಟಾವ್ರು. ಅವತ್ತ ಯಾರು ಬರ್ತಾರ?" ಹೊಡೆದುಹಾಕಿದೆ.

೬

ಇಂದುಬಾಯಿ ಹೇಳುವಂತೆ ನಡೆದದ್ದು ಇಷ್ಟು. ಅವರು "ರೀ" ಎಂದರು.

ಅಷ್ಟೇ. ಉಪ್ಪು ಮುಗಿದಿದೆ, ಗ್ಯಾಸು ಬಂದಿದೆ, ನಿಮ್ಮ ಚಸ್ಮಾ ಇಲ್ಲಿದೆ, ಎಲ್ಲದಕ್ಕೂ ದಿನಕ್ಕೆ ನಲವತ್ತು ಸಲ ಅನ್ನುವ "ರೀ." ಕ್ಲಾಸಿನ ನಿಯಮದ ಪ್ರಕಾರ ಇದಕ್ಕಿಂತ ಕೆಟ್ಟ ಮಾತಿಲ್ಲ.

ರಾಯರ ಕೈ ಗಂಟಿನ ಬಾಲ ಎಳೆದೇಬಿಟ್ಟಿತು. ಹಗ್ಗ ಉದುರಿತು. ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ತಿಕ್ಕತೊಡಗಿದರು. ಫಿರದೋಸ ಓಡಿ ಬಂದಳು.

"ಕಾಕಾ, ಇದು ನಾ ಕಲಿಸಿದ ಗಂಟಲ್ಲ! ಕಾಕು, ನೀವರ ಮಾತು ಯಾಕ ಅನಲಿಲ್ರಿ?"

"ಅಂದ್ಲಲ್ಲ," ಎಂದರು ರಾಯರು.

"ಬರೇ 'ರೀ' ಅಂದ್ರು. ನನಗೂ ಕೇಳಿಸ್ತು. ಅದು ದಿನಾ ಅನ್ನೂದು."

"ಇದು ದಿನದ 'ರೀ' ಅಲ್ಲವ್ವಾ."

ಫಿರದೋಸ ಬೆರಳು ಮಡಚಿಸಿ, ಬಿಡಿಸಿ, ಉಗುರು ಒತ್ತಿ ನೋಡಿದಳು. ನೆತ್ತರ ಓಡಾಟ ಸರಿಯಿತ್ತು. ಸಮಾಧಾನವಾದ ಮೇಲೆ ಬೈದಳು. "ಇಬ್ರೂ ಕೇಳ್ರಿ. ಇವತ್ತ ಕಾಕಾಗ ಕೇಳಿಸ್ತು. ದಿನಾ ಹಿಂಗ ಕೇಳಿಸ್ತೈತಿ ಅನಬ್ಯಾಡ್ರಿ. ಬ್ಯಾರೆ ಮಾತು ಹುಡಕ್ರಿ, ಬಾಯಿಂದ ಹೊರಗ ಬರೂವಂಥಾದ್ದು."

"ಹುಡುಕ್ತೀನಿ," ಎಂದರು ಇಂದುಬಾಯಿ. ಗಂಡನ ಮುಂದೆ ಮತ್ತೆ ಕೈ ಚಾಚಿದರು. "ಇನ್ನೊಮ್ಮೆ ಕಟ್ರಿ. ಈ ಸಲ ನಾ ಎತ್ತು ಅಲ್ಲ, ನೆನಪಿರಲಿ."

೭

ಇಲ್ಲಿ ಕಥೆ ಮುಗಿಯಬೇಕು. ಓದುಗರು ಎದ್ದು ಚಹಾಕ್ಕೆ ಹೋಗಬೇಕು.

ಆದರೆ 'ದಿನಾ ಹಿಂಗ ಕೇಳಿಸ್ತೈತಿ ಅನಬ್ಯಾಡ್ರಿ' ಎಂದದ್ದು ಫಿರದೋಸ ಅಲ್ಲ. ಆ ಮಾತನ್ನು ಅವಳ ಬಾಯಲ್ಲಿ ಇಟ್ಟವನು ನಾನು. ಹೋದ ವರ್ಷ ಮಾರ್ಗಶಿರದ ಒಂದು ಬೆಳಿಗ್ಗೆ ಅಡಿಗೆಮನೆಯಿಂದ ನನ್ನವಳು "ರೀ" ಎಂದಳು. ನಾನು "ಬಂದೆ" ಎಂದೆ. ಒಂದು ವಾಕ್ಯ ಮುಗಿಸುವುದಿತ್ತು. ಮುಗಿಸಿ ಎದ್ದೆ, ಅಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಒಳ್ಳೆಯ ವಾಕ್ಯವೆಂದು ನಾಲ್ಕು ಮಂದಿ ಹೊಗಳಿದರು. ಅದೇನೆಂದು ಈಗ ನನಗೆ ನೆನಪಿಲ್ಲ. ದೇವರ ಎದುರು ಕುಳಿತಾಗ ಕ್ಷಮೆ ಕೇಳುವುದು ಇದೊಂದಕ್ಕೇ.

ಇಂಡಿಯ ಆ ಕೋಣೆಯಲ್ಲಿ ರಾಯರು ಎರಡನೆಯ ಸಲ ಕಟ್ಟಿದ್ದಾರೆ. ಹಗ್ಗದೊಳಗೆ ಎರಡು ಬೆರಳು ಹಾಕಿ ನೋಡುತ್ತಿದ್ದಾರೆ. ಈಗ ಅವರ ಕಣ್ಣು ಹೆಂಡತಿಯ ಕೈಯ ಮೇಲಿದೆ. ಇಂದುಬಾಯಿ ಏನನ್ನೋ ಹೇಳಲು ಬಾಯಿ ತೆರೆದಿದ್ದಾರೆ. ಮಾತು ಏನಾಯಿತೆಂದು ನನ್ನನ್ನು ಕೇಳಬೇಡಿರಿ. ಯಾರೋ ಕರೆಯುತ್ತಿರುವಾಗ, ವಾಕ್ಯ ಮುಗಿಸುವುದಕ್ಕೆಂದು ಇನ್ನೊಂದು ಸಲ ನಾನು