ಗಣೇಶ್ ಪ್ರಸಾದ್ ಜಡಿದ ಒಂದು ಸಾಲು

ಸುತ್ತಲ ಊರುಗಳಿಗೆ ನೆಟ್ ಕೊಡುವ ಚಿಂತಾಮಣಿಯ ಆ ಪುಟ್ಟ ಇಂಟರ್‌ನೆಟ್ ಕಚೇರಿಯ ಮ್ಯಾನೇಜರ್ ಗಣೇಶ್ ಪ್ರಸಾದ್ ಯಾರನ್ನೂ ಏನನ್ನೂ ಕೇಳುವ ಜಾತಿಯಲ್ಲ. ಎಂಟು ಜನಕ್ಕೂ ತಾನೇ ಟೀ ಹೇಳುವುದು; ಸಕ್ಕರೆ ಕಾಯಿಲೆಯ ಲೈನ್‌ಮನ್ ಬಯ್ಯಪ್ಪನಿಗೂ ಅದೇ ಪಾನಕದಂಥ ಟೀ. ಇಂಥವನ ಕೈಕೆಳಗೆ ಮೂರು ವರ್ಷ ದುಡಿದೆನಲ್ಲ ಎಂದು ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಹರಿಣಿಗೆ ತನ್ನ ಮೇಲೇ ಹೇಸಿಗೆ.

ಭಾನುವಾರ ಆತ ಹೊಸ ಸರ್ವರ್ ಚಾಲೂ ಮಾಡಿದ. ಸೋಮವಾರ ಬೆಳಿಗ್ಗೆ ಗೌರಿಬಿದನೂರಿಗೆ ನೆಟ್ ಇತ್ತು, ಶಿಡ್ಲಘಟ್ಟಕ್ಕೆ ಇರಲಿಲ್ಲ. ಅಲ್ಲಿ ಹತ್ತೂವರೆಗೆ ರೇಷ್ಮೆಗೂಡಿನ ಆನ್‌ಲೈನ್ ಹರಾಜು. ಹರಿಣಿ ಕೇಬಲ್ ಕೆಡಿಸಿದ್ದಾಳೆಂದು ಮಾಲೀಕ ಮೋಹನ್‌ಬಾಬುವಿಗೆ ಗಣೇಶ್ ಪ್ರಸಾದ್ ಚಾಡಿ ಹೇಳಿಯೂ ಆಗಿತ್ತು. ಹರಾಜಿನೊಳಗೆ ಸರಿಹೋಗದಿದ್ದರೆ ಅವಳು ಕೆಲಸ ಬಿಟ್ಟು ಮನೆಗೆ ಹೋಗಲಿ ಎಂದರು ಮಾಲೀಕರು.

ಹರಿಣಿ ಕೇಬಲ್ ಮುಟ್ಟಿರಲೇ ಇಲ್ಲ. ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ತೆಗೆದಳು. ಡೇಟಾ ಪ್ಯಾಕೆಟ್ ಸಾಗಿಸುವ ಸಾಫ್ಟ್‌ವೇರ್ ಚಾಲೂ ಆಗುವಾಗಲೇ ಒಂದು ತೀರ್ಮಾನ ಮಾಡಬೇಕು: ನೆಟ್‌ವರ್ಕ್ ಕಾರ್ಡ್‌ಗಳಿಗೆ ಮೆಮೊರಿಯ ಅಸಲಿ ವಿಳಾಸ ಕೊಡುವುದೋ, ವರ್ಚುವಲ್ ಎಂಬ ತೋರಿಕೆಯ ವಿಳಾಸವೋ. ಅದರ ಪಾಡಿಗೆ ಬಿಟ್ಟರೆ ಒಂದೊಂದು ಕಾರ್ಡನ್ನೂ ವಿಚಾರಿಸಿ, ಎಲ್ಲಕ್ಕೂ ಒಗ್ಗುವುದನ್ನು ಆರಿಸುತ್ತದೆ. ಗಣೇಶ್ ಪ್ರಸಾದ್ ಬಿಡಬೇಕಲ್ಲ! 'ವರ್ಚುವಲ್ ಮಾತ್ರ' ಎಂದು ಸೆಟಿಂಗಿನಲ್ಲಿ ಒಂದು ಸಾಲು ಜಡಿದಿದ್ದ. ಶಿಡ್ಲಘಟ್ಟಕ್ಕೆ ನೆಟ್ ಕಳಿಸುವ ಹಳೇ ಕಾರ್ಡಿಗೆ ಅಸಲಿ ವಿಳಾಸವೇ ಬೇಕು. ಸಾಫ್ಟ್‌ವೇರ್ ಹಾಗೆಂದು ಲಾಗಿನಲ್ಲಿ ಬರೆದು, ಆ ಕಾರ್ಡನ್ನು ಕೈಬಿಟ್ಟು ಮುಂದೆ ಹೋಗಿತ್ತು. ಕೇಳಿ ಮಾಡುವ ವಿಷಯದಲ್ಲಿ ಜೀವವಿಲ್ಲದ ಯಂತ್ರಕ್ಕಿರುವ ಮರ್ಯಾದೆ ಈ ಗಂಡಸಿಗಿಲ್ಲ.

"ಸರ್, ಈ ಸಾಲು ಯಾಕ್ ಹಾಕಿದ್ರಿ?"

"ಅದೇ ಲೇಟೆಸ್ಟ್ ಕಣಮ್ಮ. ಬೆಂಗ್ಳೂರಲ್ಲಿ ಎಲ್ಲಾ ಅದೇ ಹಾಕ್ತಾರೆ. ನೀನು ಹೋಗಿ ಕೇಬಲ್ ನೋಡು."

ಆತ ಅತ್ತ ತಿರುಗಿದ್ದೇ ತಡ, ಹರಿಣಿ ಸಾಲನ್ನು ಅಳಿಸಿ ಸಾಫ್ಟ್‌ವೇರನ್ನು ಮತ್ತೆ ಚಾಲೂ ಮಾಡಿದಳು. ಹತ್ತು ಇಪ್ಪತ್ತಕ್ಕೆ ಶಿಡ್ಲಘಟ್ಟಕ್ಕೆ ನೆಟ್ ಬಂತು.

ಮೋಹನ್‌ಬಾಬು ಫೋನ್ ಮಾಡಿದರು. ಹೊಗಳಿಕೆ ಎಲ್ಲರ ಕಿವಿಗೂ ಬೀಳಲೆಂದು ಗಣೇಶ್ ಪ್ರಸಾದ್ ಸ್ಪೀಕರ್ ಹಾಕಿದ. "ನಾನೇ ಕೂತು ಸರಿಮಾಡ್ದೆ ಸರ್. ಸೆಟಿಂಗ್ ಪ್ರಾಬ್ಲಮ್ಮು." ನಾಚಿಕೆ ಎಂಬುದು ಆತನ ಹತ್ತಿರ ಸುಳಿದೇ ಇರಲಿಲ್ಲ.

"ಭೇಷ್. ಚಿಕ್ಕಬಳ್ಳಾಪುರದ ಸರ್ವರಿಗೂ ಅದನ್ನೇ ಹಾಕ್ಸಣ. ಏನ್ ಬರೆದ್ರಿ ಹೇಳಿ, ಬರ್ಕೋತೀನಿ."

ಗಣೇಶ್ ಪ್ರಸಾದ್ ಕಣ್ಣು ಕಣ್ಣು ಬಿಟ್ಟ. ಹರಿಣಿಯ ಕುರ್ಚಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಏನಮ್ಮಾ ಬರೆದೆ ಅಲ್ಲಿ?"

ಹರಿಣಿ ಪಿಸುಗುಟ್ಟಲಿಲ್ಲ. "ಏನೂ ಬರೀಲಿಲ್ಲ ಸರ್. ನೀವು ಬರೆದಿದ್ದನ್ನ ಅಳಿಸ್ದೆ, ಅಷ್ಟೇ."



"ಹರಿಣಿ," ಎಂದರು ಮೋಹನ್‌ಬಾಬು, "ಚಿಕ್ಕಬಳ್ಳಾಪುರಕ್ಕೆ ನೀನೇ ಹೋಗಮ್ಮ. ಗಣೇಶ್, ನೀವು ಏನೂ ಮುಟ್ಬೇಡಿ."