ಮೇಲೆಯೇ ನಿಂತ ಚೆಂಡು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ವಿಜ್ಞಾನ ಅಷ್ಟಕ್ಕಷ್ಟೇ. ಆದರೂ ಶಾಲೆಗಳಿಗೆ ಪಾಠದ ಅನಿಮೇಷನ್ ಮಾಡಿಕೊಡುವ ಕಂಪನಿ ಅವರದು. ಕೋಡ್ ಬರೆಯುವವಳು ನಾನು. ಚಲನೆಯ ಪಾಠದಲ್ಲಿ ಬಟನ್ ಒತ್ತಿದರೆ ಚೆಂಡು ಮೇಲಕ್ಕೆ ಹಾರುತ್ತದೆ, ಎಲ್ಲಿ ಬೇಕಾದರೂ ತಡೆದು ನೋಡಬಹುದು. ಭೂಮಿ ಎಳೆಯುತ್ತಿದೆ ಎಂದು ತೋರಿಸುವ ಕೆಂಪು ಬಾಣ ಚೆಂಡಿನ ಜೊತೆಗೇ ಇರುತ್ತದೆ.

ತುತ್ತತುದಿಯಲ್ಲಿ ಚೆಂಡು ಒಂದು ಕ್ಷಣ ನಿಲ್ಲುತ್ತದಲ್ಲ, ಅಲ್ಲಿ ಬಾಣ ಬೇಡ ಎಂದು ಭಾವ ಹಟ ಹಿಡಿದರು. ನಿಂತ ಚೆಂಡಿಗೆ ಬಾಣ ಯಾಕೆ, ನೋಡುವವರಿಗೆ ಗಲಿಬಿಲಿ ಎಂದರು. ವೇಗ ಸೊನ್ನೆಯಾದರೂ ಸೆಳೆತ ಸೊನ್ನೆಯಾಗುವುದಿಲ್ಲ ಎಂದು ಬಾಯಿ ನೋಯುವಷ್ಟು ಹೇಳಿದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

ಅಂದು ಸಂಜೆ ಮಗಳು ಮನೆಯಲ್ಲಿ ಅದನ್ನು ಆಡಿಸುತ್ತಿದ್ದಳು. ಈ ಪಾಠ ಮೊದಲು ಹೋಗಬೇಕಾದದ್ದು ಅವಳ ಶಾಲೆಗೇ. ಚೆಂಡನ್ನು ತುದಿಯಲ್ಲಿ ತಡೆದು, "ಅಮ್ಮಾ, ಇಲ್ಲಿ ಭೂಮಿ ಎಳೆಯೋದು ಬಿಟ್ಟುಬಿಡುತ್ತೆ ಅಲ್ವಾ?" ಎಂದಳು.

ನೋಡಿದರೆ ಬಾಣ ಮಾಯ. ನನಗೊಂದು ಮಾತೂ ಹೇಳದೆ ಭಾವ ಅಳಿಸಿದ್ದರು. ಮೈಯೆಲ್ಲ ಉರಿದುಹೋಯಿತು. ನನ್ನ ಮಗಳ ತಲೆಗೇ ಸುಳ್ಳು ತುಂಬಿದ್ದಾರಲ್ಲ, ಇನ್ನು ಊರ ಮಕ್ಕಳ ಗತಿ? ಫೋನ್ ಮಾಡಿದೆ. ನಾಳೆ ಟೀಚರುಗಳು ನೋಡಲು ಬರುತ್ತಾರೆ, ತಲೆ ತಿನ್ನಬೇಡ ಎಂದು ಇಟ್ಟೇಬಿಟ್ಟರು.

ಆಗಲಿ ಎಂದುಕೊಂಡೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ, ಬಾಣವಿಲ್ಲದ ಜಾಗದಲ್ಲಿ ಕೋಡಿನಿಂದ ಸೆಳೆತವನ್ನೂ ತೆಗೆದುಹಾಕಿದೆ.

ಟೀಚರುಗಳ ಮುಂದೆ ಭಾವ ಠೀವಿಯಿಂದ ಬಟನ್ ಒತ್ತಿದರು. ಚೆಂಡು ಏರಿತು, ತುದಿಯಲ್ಲಿ ನಿಂತಿತು, ನಿಂತೇ ಇತ್ತು. ಭಾವ ಮತ್ತೆ ಒತ್ತಿದರು, ಮೌಸ್ ಕುಟ್ಟಿದರು, ಕಂಪ್ಯೂಟರಿಗೇನೋ ಆಗಿದೆ ಎಂದು ಹಲ್ಲು ಕಿರಿದರು. ಮಗಳ ವಿಜ್ಞಾನದ ಟೀಚರು ಪರದೆಯ ಹತ್ತಿರ ಹೋಗಿ ನೋಡಿ, ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು.

"ಕೆಳಗೆ ಬರ್ತಾನೇ ಇಲ್ವಲ್ಲ, ಏನು ಮಾಡಿದೆ?" ಭಾವ ನನ್ನತ್ತ ಬಾಗಿ ಪಿಸುಗುಟ್ಟಿದರು.

"ಯಾಕೆ ಬರಬೇಕು ಭಾವ? ಎಳೆಯೋದನ್ನ ನೀವೇ ಅಳಿಸಿದ್ರಲ್ಲ." ಎಲ್ಲರಿಗೂ ಕೇಳಲೆಂದೇ ಗಟ್ಟಿಯಾಗಿ ಹೇಳಿದೆ.

ಅವರ ಮುಖ ಕಪ್ಪಿಟ್ಟಿತು. ಎದ್ದು ಕುರ್ಚಿ ಬಿಟ್ಟುಕೊಟ್ಟರು. ನಾನು ಕೂತು ಬಾಣವನ್ನೂ ಸೆಳೆತವನ್ನೂ ಮತ್ತೆ ಹಾಕಿದೆ. ಚೆಂಡು ಕೆಳಗೆ ಬಿತ್ತು.

ಮನೆಗೆ ಬಂದು ಮಗಳಿಗೆ ಮೊದಲಿನಿಂದ ಹೇಳಿಕೊಟ್ಟೆ. ಪಾಪ, ದೊಡ್ಡಪ್ಪನಿಗೆ ಗೊತ್ತಿರಲಿಲ್ಲವೇನೋ ಎಂದಳು. ನನ್ನ ಸಿಟ್ಟು ಇನ್ನೂ ತಣ್ಣಗಾಗಿರಲಿಲ್ಲ.

"ಗೊತ್ತಿತ್ತು ಕಣೆ," ಎಂದೆ. "ನಾನೇ ಹೇಳಿದ್ದೆ."